ಪೆನ್ ಡ್ರೈವ್‌ಗೊಂದು ಭದ್ರವಾದ ಬೀಗ

ಪರೀಕ್ಷೆಯ ಪ್ರಶ್ನೆಪತ್ರಿಕೆ, ವಿದ್ಯಾರ್ಥಿಗಳ ಅಂಕಪಟ್ಟಿ, ಅವರ ಜನ್ಮದಿನಾಂಕ, ವಿಳಾಸ, ಬ್ಯಾಂಕ್ ಖಾತೆಯ ವಿವರ - ಇವೆಲ್ಲ ಹೆಬ್ಬೆರಳಿನಷ್ಟು ದೊಡ್ಡ ಪೆನ್ ಡ್ರೈವ್ ಒಂದರಲ್ಲಿ ಅಡಕವಾಗಿ ನಿಮ್ಮ ಜೇಬಿನಲ್ಲಿರಬಹುದು. ಬಸ್ಸಿನಲ್ಲಿ ಅದು ಜಾರಿ ಬಿದ್ದರೆ? ಡ್ರೈವ್ ಹೋದರೆ ಇನ್ನೊಂದು ಕೊಳ್ಳಬಹುದು. ಅದರೊಳಗಿನ ಮಾಹಿತಿ ಯಾರದೋ ಕೈ ಸೇರಿದರೆ ಅದನ್ನು ಮರಳಿ ಪಡೆಯುವ ದಾರಿ ಇಲ್ಲ.

ಎರಡು ಘಟನೆಗಳನ್ನು ನೋಡಿ. 2017ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದ ಸಿಬ್ಬಂದಿಯೊಬ್ಬರು ಕಳೆದುಕೊಂಡ ಪೆನ್ ಡ್ರೈವ್ ದಾರಿಹೋಕರೊಬ್ಬರಿಗೆ ಸಿಕ್ಕಿತು. ಅವರು ಅದನ್ನು ಗ್ರಂಥಾಲಯದ ಗಣಕಕ್ಕೆ ಜೋಡಿಸಿದಾಗ ಸಾವಿರಕ್ಕೂ ಹೆಚ್ಚು ಕಡತಗಳು ಹಾಗೆಯೇ ತೆರೆದುಕೊಂಡವು. 2018ರಲ್ಲಿ ನಿಲ್ದಾಣದ ಸಂಸ್ಥೆ 1,20,000 ಪೌಂಡ್ ದಂಡ ತೆರಬೇಕಾಯಿತು. 2022ರ ಜೂನ್‌ನಲ್ಲಿ ಜಪಾನಿನ ಅಮಗಸಾಕಿ ನಗರದ ಸುಮಾರು 4,60,000 ನಿವಾಸಿಗಳ ವಿವರಗಳಿದ್ದ ಡ್ರೈವ್ ಕಳೆದುಹೋಗಿ, ಕೆಲವು ದಿನಗಳಲ್ಲಿ ಸಿಕ್ಕಿತು. ಆದರೆ ಅದರೊಳಗಿನ ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಲಾಗಿತ್ತು. ಕಳೆದ ವಸ್ತು ಒಂದೇ, ಪರಿಣಾಮ ಬೇರೆ.

ಎನ್‌ಕ್ರಿಪ್ಷನ್ ಎಂದರೇನು?

ಎನ್‌ಕ್ರಿಪ್ಷನ್ ಎಂದರೆ ಗೂಢಲಿಪೀಕರಣ. ಕಡತವನ್ನು ಬಚ್ಚಿಡುವುದು ಬೇರೆ, ಅದನ್ನೇ ಅರ್ಥವಾಗದ ರೂಪಕ್ಕೆ ಬದಲಿಸುವುದು ಬೇರೆ. ಫೋಲ್ಡರನ್ನು ಮರೆಮಾಡಿದರೆ ಮತ್ತೊಂದು ಗಣಕದಲ್ಲಿ ಅದು ಸುಲಭವಾಗಿ ಕಾಣಿಸುತ್ತದೆ. ಗೂಢಲಿಪೀಕರಣ ಮಾಡಿದ ಡ್ರೈವ್‌ನ ಚಿಪ್ಪನ್ನೇ ಬಿಚ್ಚಿ ಓದಿದರೂ ಸಿಗುವುದು ಅರ್ಥವಿಲ್ಲದ ಬಿಟ್‌ಗಳ ರಾಶಿ ಮಾತ್ರ.

ಈ ಕೆಲಸಕ್ಕೆ ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಎಇಎಸ್ ಎಂಬ ವಿಧಾನ. ಬೆಲ್ಜಿಯಂನ ಜೋನ್ ಡಾಮನ್ ಮತ್ತು ವಿನ್ಸೆಂಟ್ ರೈಮನ್ ರೂಪಿಸಿದ ಇದನ್ನು ಅಮೆರಿಕದ ಮಾನಕ ಸಂಸ್ಥೆ 2001ರಲ್ಲಿ ಅಂಗೀಕರಿಸಿತು. ಇದು ಮಾಹಿತಿಯನ್ನು 16 ಬೈಟ್‌ಗಳ ತುಂಡುಗಳಾಗಿ ತೆಗೆದುಕೊಂಡು, ಬೈಟ್‌ಗಳನ್ನು ಬದಲಿಸಿ, ಸಾಲುಗಳನ್ನು ಸರಿಸಿ, ಕಂಬಸಾಲುಗಳನ್ನು ಕಲಸಿ, ಕೀಲಿಯ ಬಿಟ್‌ಗಳೊಡನೆ ಸೇರಿಸುತ್ತದೆ. 128 ಬಿಟ್ ಕೀಲಿಗೆ ಇಂಥ 10 ಸುತ್ತುಗಳು, 256 ಬಿಟ್ ಕೀಲಿಗೆ 14 ಸುತ್ತುಗಳು.

128 ಬಿಟ್‌ಗಳ ಕೀಲಿಗಳು ಒಟ್ಟು ಎಷ್ಟಿರಬಹುದು? ಎರಡನ್ನು 128 ಬಾರಿ ಗುಣಿಸಿ ನೋಡಿ. 39 ಅಂಕಿಗಳ ಸಂಖ್ಯೆ ಬರುತ್ತದೆ. ಸೆಕೆಂಡಿಗೆ ಒಂದು ಲಕ್ಷ ಕೋಟಿ ಕೀಲಿಗಳನ್ನು ಪರೀಕ್ಷಿಸಿದರೂ ಎಲ್ಲವನ್ನೂ ಮುಗಿಸಲು ವಿಶ್ವದ ಈಗಿನ ವಯಸ್ಸಿನ ಸುಮಾರು 78 ಕೋಟಿ ಪಟ್ಟು ಸಮಯ ಬೇಕು! ಆದ್ದರಿಂದ ಕಳ್ಳ ಈ ಬೀಗವನ್ನು ಒಡೆಯಲು ಹೋಗುವುದಿಲ್ಲ. ಅವನು ಕೀಲಿಯನ್ನು ಹುಡುಕುತ್ತಾನೆ.

ದೌರ್ಬಲ್ಯ ಎಲ್ಲಿದೆ?

2010ರ ಜನವರಿಯಲ್ಲಿ ಜರ್ಮನಿಯ ಸಿಸ್ ಎಂಬ ಭದ್ರತಾ ಸಂಸ್ಥೆ ಒಂದು ಅಚ್ಚರಿಯ ವಿಷಯವನ್ನು ಹೊರಗೆಡವಿತು. ಕಿಂಗ್‌ಸ್ಟನ್, ಸ್ಯಾನ್‌ಡಿಸ್ಕ್ ಮತ್ತು ವರ್ಬಾಟಿಮ್ ಕಂಪನಿಗಳ ಕೆಲವು ಡ್ರೈವ್‌ಗಳಲ್ಲಿ 256 ಬಿಟ್ ಎಇಎಸ್ ಇತ್ತು, ಸರ್ಕಾರಿ ಮಾನಕದ ಪ್ರಮಾಣಪತ್ರವೂ ಇತ್ತು. ಆದರೆ ಪಾಸ್‌ವರ್ಡ್ ಸರಿಯೇ ಎಂದು ನೋಡುತ್ತಿದ್ದುದು ಡ್ರೈವ್ ಅಲ್ಲ, ಗಣಕದಲ್ಲಿ ಓಡುವ ತಂತ್ರಾಂಶ. ಪಾಸ್‌ವರ್ಡ್ ಯಾವುದೇ ಇರಲಿ, ಅದು ಸರಿಯಾದಾಗ ಡ್ರೈವ್‌ಗೆ ಹೋಗುತ್ತಿದ್ದ 'ಬಾಗಿಲು ತೆರೆ' ಎಂಬ ಸಂಕೇತ ಸದಾ ಒಂದೇ! ಆ ಸಂಕೇತವನ್ನು ನೇರವಾಗಿ ಕಳಿಸಿದರೆ ಪಾಸ್‌ವರ್ಡ್ ಇಲ್ಲದೆಯೇ ಡ್ರೈವ್ ತೆರೆದುಕೊಳ್ಳುತ್ತಿತ್ತು. ಕಂಪನಿಗಳು ಅನಂತರ ದೋಷವನ್ನು ಸರಿಪಡಿಸಿದವು. ಎಇಎಸ್‌ಗೆ ಇದರಲ್ಲಿ ಏನೂ ಧಕ್ಕೆಯಾಗಿರಲಿಲ್ಲ. ಬೀಗ ಗಟ್ಟಿಯಾಗಿತ್ತು, ಕೀಲಿಯನ್ನು ಹೊಸ್ತಿಲ ಮೇಲೇ ಇಟ್ಟಿದ್ದರು.

ಸರಿಯಾದ ವ್ಯವಸ್ಥೆಯಲ್ಲಿ ಪಾಸ್‌ವರ್ಡಿನಿಂದಲೇ ಕೀಲಿಯೊಂದನ್ನು ಲೆಕ್ಕಹಾಕಿ ಪಡೆಯಲಾಗುತ್ತದೆ. ಈ ಲೆಕ್ಕವನ್ನು ಬೇಕೆಂದೇ ನಿಧಾನಗೊಳಿಸುತ್ತಾರೆ. ಒಂದೇ ಗಣಿತಕ್ರಿಯೆಯನ್ನು ಲಕ್ಷಾಂತರ ಬಾರಿ ಮಾಡಬೇಕಾಗುತ್ತದೆ. ನಿಮಗೆ ಒಂದೆರಡು ಸೆಕೆಂಡು ಕಾಯುವುದು ಕಷ್ಟವಲ್ಲ. ಕೋಟಿಗಟ್ಟಲೆ ಊಹೆ ಮಾಡಬೇಕಾದವನಿಗೆ ಅದು ದೊಡ್ಡ ತಡೆ.

ಹಾಗೆಂದು ಯಾವ ಪಾಸ್‌ವರ್ಡ್ ಆದರೂ ನಡೆಯುತ್ತದೆಯೇ? ತರಗತಿಯಲ್ಲೇ ಲೆಕ್ಕ ಮಾಡಿಸಿ. ಜನ್ಮದಿನಾಂಕವನ್ನು ಪಾಸ್‌ವರ್ಡ್ ಮಾಡಿದರೆ 1950ರಿಂದ 2010ರವರೆಗೆ ಇರುವ ದಿನಗಳು ಸುಮಾರು 22,000 ಮಾತ್ರ. ಒಂದು ಊಹೆಗೆ ಒಂದು ಸೆಕೆಂಡು ಹಿಡಿದರೂ ಆರು ಗಂಟೆಗಳಲ್ಲಿ ಎಲ್ಲ ಮುಗಿಯುತ್ತವೆ. ಇಂಗ್ಲಿಷ್ ವರ್ಣಮಾಲೆಯ 12 ಅಕ್ಷರಗಳನ್ನು ಯಾದೃಚ್ಛಿಕವಾಗಿ ಆರಿಸಿದರೆ, ಸೆಕೆಂಡಿಗೆ ಸಾವಿರ ಊಹೆ ಮಾಡಿದರೂ ಸುಮಾರು 30 ಲಕ್ಷ ವರ್ಷ! ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಪದಗಳನ್ನು ಸೇರಿಸಿದರೆ ನೆನಪಿಡುವುದೂ ಸುಲಭ. ಅಮಗಸಾಕಿಯಲ್ಲಿ ಅಧಿಕಾರಿಗಳು ಪಾಸ್‌ವರ್ಡಿನಲ್ಲಿ 13 ಅಕ್ಷರಗಳಿವೆ ಎಂದು ಪತ್ರಿಕಾಗೋಷ್ಠಿಯಲ್ಲೇ ಹೇಳಿಬಿಟ್ಟರು. ಊರಿನ ಹೆಸರಿನ ಮುಂದೆ ಇಸವಿ ಸೇರಿಸಿದರೆ ಸರಿಯಾಗಿ 13 ಆಗುತ್ತದೆಂದು ಜನ ಆಡಿಕೊಂಡರು. ಪಾಸ್‌ವರ್ಡಿನ ಬಗ್ಗೆ ಸುಳಿವನ್ನೂ ಕೊಡಬಾರದು.

ನೀವೇ ಮಾಡುವುದು ಹೇಗೆ?

ದುಬಾರಿ ಡ್ರೈವ್ ಕೊಳ್ಳಲೇಬೇಕೆಂದಿಲ್ಲ. ವಿಂಡೋಸ್‌ನ ಪ್ರೊ ಆವೃತ್ತಿಯಲ್ಲಿ ಬಿಟ್‌ಲಾಕರ್ ಸೌಲಭ್ಯವಿದೆ. ಅದರಲ್ಲಿ ಬೀಗ ಹಾಕಿದ ಡ್ರೈವನ್ನು ಹೋಮ್ ಆವೃತ್ತಿಯಲ್ಲೂ ತೆರೆಯಬಹುದು. ವೆರಾಕ್ರಿಪ್ಟ್ ಎಂಬ ಉಚಿತ ತಂತ್ರಾಂಶ ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ಕೆಲಸ ಮಾಡುತ್ತದೆ. ಲಿನಕ್ಸ್ ಬಳಸುವವರಿಗೆ ಲಕ್ಸ್ ವಿಧಾನ ಸಿದ್ಧವಾಗಿಯೇ ಇದೆ.

ಕೆಲವು ಎಚ್ಚರಿಕೆಗಳು ಮಾತ್ರ ಅಗತ್ಯ. ಮೊದಲನೆಯದಾಗಿ, ಹೊಸ ಡ್ರೈವ್‌ಗೆ ಮೊದಲು ಬೀಗ, ಆಮೇಲೆ ಕಡತ. ಫ್ಲ್ಯಾಶ್ ಸ್ಮೃತಿ ಬೇಗ ಸವೆಯದಂತೆ ಡ್ರೈವ್ ತನ್ನ ಬರಹವನ್ನು ಬೇರೆ ಬೇರೆ ಜಾಗಗಳಿಗೆ ಹಂಚುತ್ತದೆ. ಹಾಗಾಗಿ ನೀವು ಅಳಿಸಿದೆ ಎಂದುಕೊಂಡ ಹಳೆಯ ಪ್ರತಿ ಒಳಗೆಲ್ಲೋ ಉಳಿದಿರಬಹುದು.

ಎರಡನೆಯದಾಗಿ, ಡ್ರೈವನ್ನು ತೆರೆದ ಕ್ಷಣದಿಂದ ಕಡತಗಳು ಆ ಗಣಕಕ್ಕೆ ಪೂರ್ತಿ ಕಾಣುತ್ತವೆ. ಜೆರಾಕ್ಸ್ ಅಂಗಡಿಯ ಗಣಕದಲ್ಲಿ ಪ್ರಶ್ನೆಪತ್ರಿಕೆ ಮುದ್ರಿಸಲು ಡ್ರೈವ್ ತೆರೆದರೆ, ಕಡತವನ್ನು ನಕಲು ಮಾಡಿಕೊಳ್ಳುವುದನ್ನಾಗಲಿ, ವೈರಸ್ಸು ಪಾಸ್‌ವರ್ಡನ್ನು ಕದಿಯುವುದನ್ನಾಗಲಿ ಯಾವ ಗೂಢಲಿಪಿಯೂ ತಡೆಯದು. ಅಂಥ ಕಡತವನ್ನು ಶಾಲೆಯಲ್ಲೇ ಮುದ್ರಿಸುವುದು ಲೇಸು.

ಮೂರನೆಯದಾಗಿ, ಪಾಸ್‌ವರ್ಡ್ ಮರೆತರೆ ಬೀಗ ನಿಮ್ಮನ್ನೂ ಒಳಗೆ ಬಿಡುವುದಿಲ್ಲ. ಸ್ಟೀಫನ್ ಥಾಮಸ್ ಎಂಬ ಪ್ರೋಗ್ರಾಮರ್ 7,002 ಬಿಟ್‌ಕಾಯಿನ್‌ಗಳ ಕೀಲಿಯನ್ನು ಇಂಥ ಡ್ರೈವ್ ಒಂದರಲ್ಲಿಟ್ಟು ಪಾಸ್‌ವರ್ಡ್ ಕಳೆದುಕೊಂಡದ್ದು 2021ರಲ್ಲಿ ದೊಡ್ಡ ಸುದ್ದಿಯಾಯಿತು. ಡ್ರೈವ್ ಕೊಡುವ 10 ಅವಕಾಶಗಳಲ್ಲಿ 8 ಆಗಲೇ ಮುಗಿದಿದ್ದವು. ಬಿಟ್‌ಲಾಕರ್ ಕೊಡುವ 48 ಅಂಕಿಗಳ ಮರುಪ್ರಾಪ್ತಿ ಕೀಲಿಯನ್ನು ಕಾಗದದಲ್ಲಿ ಬರೆದು, ಡ್ರೈವ್‌ನಿಂದ ದೂರ, ಬೀರುವಿನಲ್ಲಿಡಿ. ಡ್ರೈವ್ ಕೆಟ್ಟುಹೋಗುವುದೂ ಉಂಟು. ಕಡತಗಳ ಇನ್ನೊಂದು ಪ್ರತಿ ಬೇರೆಡೆ ಇರಲಿ, ಅದಕ್ಕೂ ಬೀಗವಿರಲಿ.

ಗಣಿತಜ್ಞರು ತಮ್ಮ ಪಾಲಿನ ಕೆಲಸವನ್ನು ಚೆನ್ನಾಗಿಯೇ ಮಾಡಿಕೊಟ್ಟಿದ್ದಾರೆ. ಕೀಲಿಯನ್ನು ಜೋಪಾನ ಮಾಡುವುದು ನಮಗೆ ಉಳಿದ ಕೆಲಸ. ನಿಮ್ಮ ಡ್ರೈವ್‌ನಲ್ಲಿರುವುದು ನಿಮ್ಮ ಮಾಹಿತಿಯಷ್ಟೇ ಅಲ್ಲ, ನಿಮ್ಮನ್ನು ನಂಬಿ ವಿವರ ಕೊಟ್ಟ ಮಕ್ಕಳ ಮಾಹಿತಿಯೂ ಹೌದು. ಇಂದು ಮನೆಗೆ ಹೊರಡುವ ಮುನ್ನ ಒಮ್ಮೆ ಜೇಬು ಮುಟ್ಟಿ ನೋಡಿಕೊಳ್ಳಿ: ಅಲ್ಲಿರುವ ಡ್ರೈವ್‌ಗೆ ಬೀಗವಿದೆಯೇ?