‘ಸ್ಯಾಟಲೈಟ್’ ಶಬ್ದದ ಅರ್ಥವಿಚಾರ

ಅಹಮದಾಬಾದಿನ ಪಶ್ಚಿಮ ಭಾಗದಲ್ಲಿ ಸ್ಯಾಟಲೈಟ್ ಎಂಬ ಬಡಾವಣೆಯುಂಟು. ಅಲ್ಲಿ ನೆಲೆಸಿದ ಕನ್ನಡಿಗನು ತನ್ನ ವಿಳಾಸವನ್ನು ಕನ್ನಡಿಸಿ ‘ಉಪಗ್ರಹ’ ಎಂದು ಬರೆದರೆ ಕಾಗದವು ಮನೆ ಮುಟ್ಟಲಾರದು. ಒಂದು ಇಂಗ್ಲಿಷ್ ಶಬ್ದಕ್ಕೆ ಒಂದೇ ಕನ್ನಡ ಶಬ್ದ ಸಾಕೆಂಬ ಎಣಿಕೆಯು ಎಲ್ಲಿ ಸೋಲುತ್ತದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಈ ಶಬ್ದದ ಮೂಲ ಲ್ಯಾಟಿನ್ ಭಾಷೆಯ ‘ಸಟೆಲೆಸ್’. ಒಡೆಯನ ಬೆಂಗಾವಲಿಗನು, ಅನುಚರನು ಎಂದು ಅದರರ್ಥ. 1610ರಲ್ಲಿ ಗೆಲಿಲಿಯೋ ಗುರುಗ್ರಹದ ನಾಲ್ಕು ಚಂದ್ರರನ್ನು ಕಂಡ ತರುವಾಯ ಕೆಪ್ಲರನು ಅವನ್ನು ಈ ಹೆಸರಿನಿಂದ ಕರೆದನು. ಮನುಷ್ಯರಿಗೆ ಸಲ್ಲುತ್ತಿದ್ದ ಮಾತು ಹೀಗೆ ಆಕಾಶಕ್ಕೇರಿತು. 1957ರಲ್ಲಿ ರಷ್ಯನ್ನರು ಹಾರಿಸಿದ ಗೋಳದ ಹೆಸರು ‘ಸ್ಪುಟ್ನಿಕ್’, ಎಂದರೆ ಸಹಪ್ರಯಾಣಿಕ. ಒಂದು ಭಾಷೆ ಸೇವಕನನ್ನು ಕಂಡಲ್ಲಿ ಇನ್ನೊಂದು ಜೊತೆಗಾರನನ್ನು ಕಂಡಿತು.

ಕನ್ನಡವು ಆಯ್ದುಕೊಂಡ ‘ಉಪಗ್ರಹ’ವೂ ಹೊಸ ಶಬ್ದವಲ್ಲ. ಜ್ಯೋತಿಷದಲ್ಲಿ ಧೂಮ, ವ್ಯತೀಪಾತ, ಗುಳಿಕ ಮೊದಲಾದವು ಉಪಗ್ರಹಗಳು. ಅವು ಕಣ್ಣಿಗೆ ಕಾಣುವ ಕಾಯಗಳಲ್ಲ, ಗಣಿತದಿಂದ ದೊರೆಯುವ ಬಿಂದುಗಳು. ಹಳೆಯ ಶಬ್ದಕ್ಕೆ ಹೊಸ ವಿಜ್ಞಾನವು ಬೇರೆ ಅರ್ಥವನ್ನು ತುಂಬಿತು.

ರಾಜಕೀಯದಲ್ಲಿ ಈ ಮಾತು ಬಲಿಷ್ಠ ರಾಷ್ಟ್ರದ ಅಂಕೆಯಲ್ಲಿರುವ ದುರ್ಬಲ ರಾಷ್ಟ್ರವನ್ನು ಸೂಚಿಸುತ್ತದೆ. ಅಲ್ಲಿ ‘ಉಪಗ್ರಹ’ಕ್ಕಿಂತ ‘ಅನುಚರ ರಾಷ್ಟ್ರ’ ಎಂಬುದೇ ಮೂಲಕ್ಕೆ ಸಮೀಪ. ಬೆಂಗಳೂರಿನ ಕೆಂಗೇರಿ, ಯಲಹಂಕಗಳ ‘ಸ್ಯಾಟಲೈಟ್ ಟೌನ್’ ಕನ್ನಡದಲ್ಲಿ ‘ಉಪನಗರ’ವಾಯಿತು. ಆದರೆ ಅದೇ ಬೆಂಗಳೂರಿನ ಮೈಸೂರು ರಸ್ತೆಯ ಬಸ್ ನಿಲ್ದಾಣ ಜನರ ಬಾಯಲ್ಲಿ ‘ಸ್ಯಾಟಲೈಟ್’ ಆಗಿಯೇ ಉಳಿದಿದೆ. ಚಲನಚಿತ್ರದವರ ‘ಸ್ಯಾಟಲೈಟ್ ಹಕ್ಕು’ ಎಂಬಲ್ಲಿ ಅರ್ಥ ಉಪಗ್ರಹವಲ್ಲ, ದೂರದರ್ಶನ ವಾಹಿನಿಗಳಲ್ಲಿ ಚಿತ್ರವನ್ನು ಪ್ರಸಾರ ಮಾಡುವ ಅಧಿಕಾರ.

ಅಹಮದಾಬಾದಿನ ಬಡಾವಣೆಗೆ ಈ ಹೆಸರು ಬಂದುದು ನೆರೆಯ ಜೋಧಪುರ ಟೇಕರಾದಲ್ಲಿರುವ ಬಾಹ್ಯಾಕಾಶ ಕೇಂದ್ರದ ದೆಸೆಯಿಂದ. 1967ರಲ್ಲಿ ಈ ನಗರದಲ್ಲಿ ಉಪಗ್ರಹ ಸಂಪರ್ಕದ ಪ್ರಾಯೋಗಿಕ ಭೂಕೇಂದ್ರ ಸ್ಥಾಪಿತವಾಯಿತು. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ಅಮೆರಿಕದ ಉಪಗ್ರಹವೊಂದರ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಶಿಕ್ಷಣ ಕಾರ್ಯಕ್ರಮಗಳನ್ನು ಕಳುಹಿದ ಪ್ರಯೋಗದಲ್ಲಿ ಅಹಮದಾಬಾದಿಗೆ ಪ್ರಮುಖ ಪಾತ್ರವಿತ್ತು. ಅವುಗಳಲ್ಲಿ ಇಂದಿನ ಕಲಬುರಗಿ, ವಿಜಯಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದುವು. ಅಲ್ಲಿ ಕೇಳಿದ ನುಡಿ ಕನ್ನಡ. ಅದೇ 1975ರ ಏಪ್ರಿಲ್ 19ರಂದು ಕಕ್ಷೆಗೇರಿದ ‘ಆರ್ಯಭಟ’ದ ನಿರ್ಮಾಣಕ್ಕೆ ನಾಯಕರಾಗಿದ್ದ ಯು. ಆರ್. ರಾಯರು ಉಡುಪಿ ಸೀಮೆಯ ಅದಮಾರಿನವರು. ವಿಕ್ರಮ್ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಅಹಮದಾಬಾದಿನಲ್ಲಿ ಸಂಶೋಧನೆ ನಡೆಸಿದವರು.

ಆದುದರಿಂದ ಅನುವಾದಕನು ಮೊದಲು ಕೇಳಬೇಕಾದುದು ಶಬ್ದ ಯಾವುದೆಂದಲ್ಲ, ಸಂಬಂಧ ಯಾವುದೆಂದು. ಸುತ್ತುವುದಾದರೆ ಉಪಗ್ರಹ, ಅಂಕೆಗೊಳಗಾದರೆ ಅನುಚರ, ನಗರಕ್ಕೆ ಹೊಂದಿಕೊಂಡಿದ್ದರೆ ಉಪನಗರ. ಊರಿನ ಹೆಸರಾಗಿ ನಿಂತಲ್ಲಿ ಅದನ್ನು ಹಾಗೆಯೇ ಬಿಡುವುದು ಲೇಸು. ಹೆಸರಿನೊಡನೆ ಅದರ ಇತಿಹಾಸವೂ ಉಳಿಯುತ್ತದೆ. ಪರನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ಕನ್ನಡ ಕಲಿಸುವವರು ಈ ವಿವೇಕವನ್ನೂ ಕಲಿಸಿದರೆ, ಅವರ ಕನ್ನಡವು ನಿಘಂಟಿನ ನೆರಳಾಗದೆ ಅರ್ಥವನ್ನರಿತು ನಡೆಯುವ ನುಡಿಯಾಗುವುದು.