ಹೆಗಲು ಮುಟ್ಟಿಕೊಂಡವನೆಲ್ಲ ಕಳ್ಳನೇ?

‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಆದರೆ ಹೆದರಿದ ಅಮಾಯಕನೂ ಹೆಗಲು ಮುಟ್ಟಿಕೊಳ್ಳಬಹುದಲ್ಲವೇ? ಪೊಲೀಸ್ ವಿಚಾರಣೆಯ ಕಷ್ಟವೆಲ್ಲ ಇರುವುದು ಇಲ್ಲೇ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ರೈತನೊಬ್ಬನ ಹಣದ ಚೀಲ ಕಳುವಾಯಿತೆನ್ನಿ. ಪಕ್ಕದಲ್ಲಿದ್ದ ಕಾಲೇಜು ಹುಡುಗನನ್ನು ಎರಡು ಬಗೆಯಲ್ಲಿ ಕೇಳಬಹುದು. ‘ಕೆಂಪು ಅಂಗಿಯವನು ಓಡಿದನಲ್ಲ, ನೋಡಿದೆಯಾ?’ ಎಂಬುದು ಒಂದು. ‘ಏನೇನು ಕಂಡೆ, ನಿಧಾನವಾಗಿ ಹೇಳಪ್ಪ’ ಎಂಬುದು ಇನ್ನೊಂದು. ಮೊದಲ ಪ್ರಶ್ನೆಯಲ್ಲಿ ಉತ್ತರವೂ ಸೇರಿಕೊಂಡಿದೆ. ಹುಡುಗ ಕಾಣದ ಕೆಂಪು ಅಂಗಿ ಅವನ ನೆನಪಿನೊಳಗೆ ನುಸುಳಿಬಿಡಬಹುದು.

ಇದು ಬರಿಯ ಊಹೆಯಲ್ಲ. 1974ರಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ‘ಢಿಕ್ಕಿ ಹೊಡೆದಾಗ’ ವೇಗವೆಷ್ಟಿತ್ತು ಎಂದು ಕೆಲವರನ್ನು, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದು ಮತ್ತೆ ಕೆಲವರನ್ನು ಕೇಳಿದರು. ‘ಅಪ್ಪಳಿಸಿದಾಗ’ ಎಂಬ ಮಾತು ಕೇಳಿದವರು ಹೆಚ್ಚು ವೇಗ ಹೇಳಿದರು. ವಾರದ ನಂತರ, ಒಡೆದ ಗಾಜು ಕಂಡಿದ್ದೆವು ಎಂದವರೂ ಅವರಲ್ಲೇ ಹೆಚ್ಚು. ಚಿತ್ರದಲ್ಲಿ ಒಡೆದ ಗಾಜೇ ಇರಲಿಲ್ಲ!

ಬಾಯಿ ಬಿಡಿಸಿದರೆ ಸಾಲದು

ಕೇಳುವ ಮಾತಿಗೇ ಇಷ್ಟು ಬಲವಿದ್ದರೆ ಲಾಠಿಯ ಭಯಕ್ಕೆ ಎಷ್ಟಿರಬೇಡ? ಅದಕ್ಕೇ, ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ಹೇಳಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಉಳಿಸಿಕೊಂಡಿದೆ. ಆರೋಪಿಯ ಮಾತಿನಿಂದ ಕಳುವಿನ ಮಾಲು ಸಿಕ್ಕರೆ, ಅದಕ್ಕೆ ಸಂಬಂಧಿಸಿದ ಮಾತಿನಷ್ಟಕ್ಕೆ ಮಾತ್ರ ಬೆಲೆ.

ಒಂದು ಕಾಲಕ್ಕೆ ಮಂಪರು ಪರೀಕ್ಷೆಗೆ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯ ಹೆಸರಾಗಿತ್ತು. ಔಷಧಿ ಚುಚ್ಚಿ, ಅರೆ ಎಚ್ಚರದಲ್ಲಿ ಪ್ರಶ್ನೆ ಕೇಳುವ ವಿಧಾನವದು. ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಇದಕ್ಕೆ ಕಡಿವಾಣ ಹಾಕಿತು. ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆಯಾಗಲಿ ಸುಳ್ಳುಪತ್ತೆ ಪರೀಕ್ಷೆಯಾಗಲಿ ಕೂಡದು ಎಂದಿತು. ಯಾವ ಆರೋಪಿಯನ್ನೂ ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಒತ್ತಾಯಿಸಲಾಗದೆಂಬ ಸಂವಿಧಾನದ 20(3)ನೇ ವಿಧಿಯೇ ಇದಕ್ಕೆ ಆಧಾರ.

ಪಾಲಕರಿಗೆ ತಿಳಿದಿರಲಿ

ಹದಿನೈದು ವರ್ಷದೊಳಗಿನ ಹುಡುಗರು, ಹೆಣ್ಣುಮಕ್ಕಳು ಹಾಗೂ 60 ದಾಟಿದ ಹಿರಿಯರನ್ನು ಸಾಕ್ಷಿ ಹೇಳಲು ಠಾಣೆಗೇ ಬರಬೇಕೆಂದು ಒತ್ತಾಯಿಸುವಂತಿಲ್ಲ. ಅವರ ಮನೆಯಲ್ಲೇ ವಿಚಾರಿಸಬೇಕು. ತನಿಖೆಯ ವೇಳೆ ಪೊಲೀಸರು ಬರೆದುಕೊಳ್ಳುವ ಸಾಕ್ಷಿಯ ಹೇಳಿಕೆಗೆ ಸಹಿ ಹಾಕಬೇಕಿಲ್ಲ. ಬಂಧಿಸಿದರೆ ಮನೆಯವರಿಗೆ ತಿಳಿಸಬೇಕು. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ವಕೀಲರನ್ನು ಕಾಣುವ ಹಕ್ಕೂ ಉಂಟು. ಹಾಗೆಂದು ಸಾಕ್ಷಿಯಾದವನು ಸುಳ್ಳು ಹೇಳುವಂತಿಲ್ಲ. ಕಂಡದ್ದನ್ನು ಕಂಡಂತೆ ಹೇಳುವುದು ಅವನ ಹೊಣೆ.

ಚನ್ನಪಟ್ಟಣದಲ್ಲಿ ಪೊಲೀಸ್ ತರಬೇತಿ ಶಾಲೆಯಿದೆ. ಕನಕಪುರ, ಮಾಗಡಿಯ ಕಡೆ ಖಾಕಿ ತೊಡುವ ಕನಸು ಕಾಣುವ ಹುಡುಗ ಹುಡುಗಿಯರು ಓಟ, ಕಸರತ್ತಿನ ಜೊತೆಗೆ ತಾಳ್ಮೆಯಿಂದ ಕೇಳಿಸಿಕೊಳ್ಳುವುದನ್ನೂ ರೂಢಿಸಿಕೊಳ್ಳಲಿ. ಹೆಗಲು ಮುಟ್ಟಿಕೊಂಡವನನ್ನು ಹಿಡಿಯುವುದು ಸುಲಭ. ಆ ಹೆಗಲ ಮೇಲೆ ಕುಂಬಳಕಾಯಿಯ ಬೂದಿ ಇದೆಯೇ ಎಂದು ನೋಡುವುದು ತನಿಖೆ.