ಮಡಿ, ಮೀಸಲು ಮತ್ತು ಪರಿಶುದ್ಧತೆ: ಕೊಪ್ಪಳ ಪರಿಸರದ ಹಿನ್ನೆಲೆಯಲ್ಲಿ ಕ್ರೈಸ್ತ ಆರಾಧನೆಯ ಒಂದು ಪರಿಕಲ್ಪನೆ

ಕನ್ನಡದ ಕ್ರೈಸ್ತ ಸಾಹಿತ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮಿಶನರಿಗಳ ನಿಘಂಟು, ವ್ಯಾಕರಣ, ಮುದ್ರಣ ಮತ್ತು ಪತ್ರಿಕೆಗಳ ಸುತ್ತ ನಡೆದಿವೆ. ಆರಾಧನೆಯ ಪದಗಳಿಗೂ ಜನರ ನಡವಳಿಕೆಗೂ ಇರುವ ಸಂಬಂಧ ಅಷ್ಟಾಗಿ ಚರ್ಚೆಗೆ ಒಳಗಾಗಿಲ್ಲ. ದೇವರ ಪರಿಶುದ್ಧತೆಯನ್ನು ಗೌರವಿಸುವುದೆಂದರೇನು ಎಂಬ ಪ್ರಶ್ನೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಪರಿಸರದಲ್ಲಿಟ್ಟು ನೋಡಿದಾಗ ಈ ಸಂಬಂಧದ ಮಹತ್ವ ಸ್ಪಷ್ಟವಾಗುತ್ತದೆ.

ಪಾವಿತ್ರ್ಯವು ಈ ನೆಲಕ್ಕೆ ಹೊಸ ಕಲ್ಪನೆಯಲ್ಲ. ಕವಿರಾಜಮಾರ್ಗವು ತಿರುಳ್ಗನ್ನಡದ ನೆಲೆಗಳಲ್ಲಿ ಒಂದೆಂದು ಹೆಸರಿಸುವ ಕೊಪಣವು ಜೈನರ ಮಹಾತೀರ್ಥವಾಗಿತ್ತು. 1112ರಲ್ಲಿ ನಿರ್ಮಾಣಗೊಂಡ ಇಟಗಿಯ ಮಹಾದೇವ ದೇವಾಲಯ ಶೈವ ಪರಂಪರೆಯ ಹಿರಿಮೆಗೆ ಸಾಕ್ಷಿಯಾಗಿದೆ. ಕ್ರೈಸ್ತ ಧರ್ಮದ ಸಂಪರ್ಕವೂ ತೀರ ಈಚಿನದಲ್ಲ. ಕುಷ್ಟಗಿಗೆ ನೆರೆಯ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕಥೋಲಿಕ ಸಮುದಾಯ ನೆಲೆಸಿದೆ. ಪೂರ್ವದ ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ಶ್ರಮದಿಂದ 1831ರಲ್ಲಿ ಸಂಪೂರ್ಣ ಕನ್ನಡ ಬೈಬಲ್ ಹೊರಬಂದಿತು. ಕೊಪ್ಪಳ ಸೀಮೆಯಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಆದರೆ ಅವರ ಆರಾಧನೆಯ ಭಾಷೆ ಈ ಎರಡು ನೆರೆಯ ಪರಂಪರೆಗಳಿಗೂ ಹತ್ತಿರದ್ದು.

ಹೀಬ್ರೂ ಭಾಷೆಯ ‘ಕಾದೋಶ್’ ಎಂಬ ಪದದಲ್ಲಿ ‘ಪ್ರತ್ಯೇಕಿಸಿದ್ದು, ದೇವರಿಗೆಂದು ತೆಗೆದಿರಿಸಿದ್ದು’ ಎಂಬ ಅರ್ಥ ಪ್ರಧಾನವಾಗಿದೆ. ಯಾಜಕಕಾಂಡದ ಹತ್ತನೆಯ ಅಧ್ಯಾಯವು ಪವಿತ್ರ–ಸಾಮಾನ್ಯ, ಶುದ್ಧ–ಅಶುದ್ಧ ಎಂಬ ಎರಡು ಜೋಡಿಗಳನ್ನು ಬೇರೆಬೇರೆಯಾಗಿಯೇ ಹೇಳುತ್ತದೆ. ಎಂದರೆ ಶುದ್ಧವಾದುದೆಲ್ಲವೂ ಪವಿತ್ರವಲ್ಲ. ಕನ್ನಡದ ಬೈಬಲಿನಲ್ಲಿ ನೆಲೆಗೊಂಡ ‘ಪರಿಶುದ್ಧ’ ಎಂಬ ಪದವು ಶುದ್ಧಿಯ ಅರ್ಥವನ್ನು ಮುಂದೆ ಮಾಡಿ, ತೆಗೆದಿರಿಸುವಿಕೆಯ ಅರ್ಥವನ್ನು ಹಿಂದಕ್ಕೆ ಸರಿಸುತ್ತದೆ. ಆಡುಮಾತಿನಲ್ಲಿ ಆ ಎರಡನೆಯ ಅರ್ಥಕ್ಕೆ ಹತ್ತಿರವಾದ ಎರಡು ಪದಗಳಿವೆ: ಮಡಿ ಮತ್ತು ಮೀಸಲು. ಎರಡೂ ಪ್ರತ್ಯೇಕತೆಯನ್ನೇ ಸೂಚಿಸಿದರೂ ಅವುಗಳ ದಿಕ್ಕು ಬೇರೆ. ಮಡಿಯು ಯಾರಿಂದ ಅಥವಾ ಯಾವುದರಿಂದ ದೂರವಿರಬೇಕೆಂಬುದನ್ನು ನಿರ್ಧರಿಸುತ್ತದೆ. ಮೀಸಲು ಯಾರಿಗೆ ಸಲ್ಲಬೇಕೆಂಬುದನ್ನು ಹೇಳುತ್ತದೆ. ಮಡಿ ಮುಟ್ಟಿದರೆ ಕೆಡುತ್ತದೆ; ಮೀಸಲು ಸಲ್ಲಬೇಕಾದವರಿಗೆ ಸಲ್ಲದಿದ್ದರೆ ಕೆಡುತ್ತದೆ.

ಈ ಭೇದವು ಕೇವಲ ಪದವಿವೇಚನೆಯ ವಿಷಯವಲ್ಲ. 2021ರ ಸೆಪ್ಟೆಂಬರಿನಲ್ಲಿ ಕುಷ್ಟಗಿ ತಾಲೂಕಿನ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ದೇವಾಲಯದೊಳಗೆ ಹೋಯಿತೆಂಬ ಕಾರಣಕ್ಕೆ, ಶುದ್ಧೀಕರಣದ ಹೆಸರಿನಲ್ಲಿ ದಂಡ ವಿಧಿಸಿದ ಪ್ರಕರಣ ಬೆಳಕಿಗೆ ಬಂದಿತು. ಇಂತಹ ಪರಿಸರದಲ್ಲಿ ದೇವರ ಪರಿಶುದ್ಧತೆಯನ್ನು ಮಡಿಯ ಮಾದರಿಯಲ್ಲಿ ಗ್ರಹಿಸಿದರೆ, ದೇವಭಯವು ನೆರೆಯವನ ಅವಮಾನವಾಗಿ ಪರಿಣಮಿಸುವ ಅಪಾಯವಿದೆ. ಶರಣರು ಪಂಚಸೂತಕಗಳನ್ನು ನಿರಾಕರಿಸಿದ್ದರ ಹಿಂದೆಯೂ ಇದೇ ಎಚ್ಚರವನ್ನು ಕಾಣಬಹುದು. ಸುವಾರ್ತೆಗಳ ನಿರೂಪಣೆಯಲ್ಲಿ ಯೇಸು ಕುಷ್ಠರೋಗಿಯನ್ನು ಮುಟ್ಟುತ್ತಾನೆ. ರಕ್ತಸ್ರಾವದಿಂದ ನರಳುವ ಹೆಂಗಸು ಅವನ ಉಡುಪನ್ನು ಮುಟ್ಟುತ್ತಾಳೆ. ಎರಡೂ ಕಡೆ ಮೈಲಿಗೆ ಅವನಿಗೆ ತಗಲುವುದಿಲ್ಲ. ಮುಟ್ಟಿದವರು, ಮುಟ್ಟಿಸಿಕೊಂಡವರು ಗುಣ ಹೊಂದುತ್ತಾರೆ. ಸ್ಪರ್ಶದ ಪರಿಣಾಮ ಇಲ್ಲಿ ಹಿಂದುಮುಂದಾಗಿದೆ.

ಆದಾಗ್ಯೂ ಕ್ರೈಸ್ತ ಸಭೆಗಳು ಈ ತಿಳಿವಳಿಕೆಯನ್ನು ಎಲ್ಲ ಕಾಲದಲ್ಲಿಯೂ ಪಾಲಿಸಿದುವೆಂದು ಹೇಳಲಾಗದು. ದಕ್ಷಿಣ ಭಾರತದ ಸಭೆಗಳಲ್ಲಿ ಜಾತಿಗನುಸಾರ ಬೇರೆ ಆಸನಗಳಿದ್ದುದರಿಂದಲೇ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಜಾತಿಭೇದವನ್ನು ಸಂಪೂರ್ಣವಾಗಿ ತೊರೆಯಬೇಕೆಂದು ಸುತ್ತೋಲೆ ಹೊರಡಿಸಬೇಕಾಯಿತು. ಮಡಿಯ ಸಂಸ್ಕಾರವು ಧರ್ಮ ಬದಲಾದ ಮಾತ್ರಕ್ಕೆ ಅಳಿಯುವುದಿಲ್ಲವೆಂಬುದಕ್ಕೆ ಇದೊಂದು ನಿದರ್ಶನ.

ಆರಾಧನೆಯ ಬಾಹ್ಯ ಲಕ್ಷಣಗಳನ್ನು ಈ ಹಿನ್ನೆಲೆಯಲ್ಲಿಯೇ ಅರ್ಥೈಸಬೇಕಾಗುತ್ತದೆ. ಕೆರ ಬಿಟ್ಟು ಒಳಗೆ ಬರುವುದು, ಹೆಂಗಸರು ತಲೆಯ ಮೇಲೆ ಸೆರಗು ಹೊದೆಯುವುದು, ನೆಲದ ಮೇಲೆ ಕುಳಿತುಕೊಳ್ಳುವುದು, ಮೊಣಕಾಲೂರಿ ಕೈಮುಗಿಯುವುದು ಮುಂತಾದವು ಹಳ್ಳಿಗಳ ಕ್ರೈಸ್ತ ಆರಾಧನೆಯಲ್ಲಿ ಸಾಮಾನ್ಯ. ಉರಿಯುವ ಪೊದೆಯ ಮುಂದೆ ಮೋಶೆಯು ಕೆರ ಕಳಚಿದ ಪ್ರಸಂಗ ಇದರಲ್ಲಿ ಮೊದಲನೆಯದಕ್ಕೆ ಬೈಬಲಿನ ಆಧಾರವನ್ನು ಒದಗಿಸಿದರೆ, ಊರಿನ ಗುಡಿ–ಮಠ–ದರ್ಗಾಗಳ ರೂಢಿ ಅದನ್ನು ಸಹಜವಾಗಿಸಿದೆ. ದೇವರನ್ನು ಸಂಬೋಧಿಸುವ ರೀತಿಯೂ ಗಮನಾರ್ಹ. ಪ್ರಾಟೆಸ್ಟಂಟರ ಬೈಬಲ್ ‘ನೀನು’ ಎನ್ನುತ್ತದೆ. ಕಥೋಲಿಕರ ಪ್ರಾರ್ಥನೆಗಳಲ್ಲಿ ಗೌರವಾರ್ಥದ ಬಹುವಚನವೂ ಬಳಕೆಯಲ್ಲಿದೆ. ವಚನಕಾರರು ತಮ್ಮ ಇಷ್ಟದೈವವನ್ನು ‘ನೀನು’ ಎಂದೇ ಕರೆದಿರುವುದನ್ನು ನೆನೆದರೆ, ಕನ್ನಡದಲ್ಲಿ ಏಕವಚನವು ಭಕ್ತಿಗೆ ಕುಂದಲ್ಲವೆಂಬುದು ವಿದಿತವಾಗುತ್ತದೆ.

ದೈನಂದಿನ ಬದುಕಿನ ಮಟ್ಟಿಗೆ ಯಾಜಕಕಾಂಡದ ಹತ್ತೊಂಬತ್ತನೆಯ ಅಧ್ಯಾಯ ನಿರ್ಣಾಯಕವಾದುದು. ದೇವರು ಪರಿಶುದ್ಧನಾದುದರಿಂದ ಜನರೂ ಪರಿಶುದ್ಧರಾಗಿರಬೇಕೆಂದು ಆರಂಭಿಸುವ ಆ ಭಾಗವು ಮುಂದೆ ಸ್ನಾನವನ್ನಾಗಲಿ ಉಡುಪಿನ ಮಡಿಯನ್ನಾಗಲಿ ವಿಧಿಸುವುದಿಲ್ಲ. ತಂದೆತಾಯಿಯರಲ್ಲಿ ಗೌರವ, ವಿಶ್ರಾಂತಿದಿನದ ಆಚರಣೆಗಳೊಡನೆ ಅದು ವಿಧಿಸುವುದು ಇವುಗಳನ್ನು: ಹೊಲದ ಅಂಚಿನ ಪೈರನ್ನೂ ಹಕ್ಕಲನ್ನೂ ಬಡವರಿಗೆ, ಪರದೇಶಿಗಳಿಗೆ ಬಿಡಬೇಕು, ಕೂಲಿಯವನ ಕೂಲಿಯನ್ನು ಬೆಳಗಿನವರೆಗೆ ಇಟ್ಟುಕೊಳ್ಳಬಾರದು, ತೂಕ–ಅಳತೆಗಳಲ್ಲಿ ಮೋಸ ಮಾಡಬಾರದು. ತುಂಗಭದ್ರಾ ಕಾಲುವೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗಳಿಗೂ, ಮಳೆಯನ್ನೇ ನಂಬಿದ ಕುಷ್ಟಗಿ–ಯಲಬುರ್ಗಾದ ಜೋಳದ ಹೊಲಗಳಿಗೂ ಈ ವಿಧಿಗಳು ಅಪರಿಚಿತವಲ್ಲ. ಸುಗ್ಗಿಯ ಮೊದಲ ಫಲವನ್ನು ದೇವರಿಗೆ ಮೀಸಲಿಡುವ ರೂಢಿಯೂ ರಾಶಿಯಲ್ಲಿ ದುಡಿದವರ ಪಾಲು ತೆಗೆಯುವ ಪದ್ಧತಿಯೂ ಇಲ್ಲಿನ ಒಕ್ಕಲುತನದ ಭಾಗಗಳೇ ಆಗಿವೆ.

ಆದುದರಿಂದ ‘ಪರಿಶುದ್ಧ’ ಎಂಬ ಪದಕ್ಕೆ ಜನಭಾಷೆಯಲ್ಲಿ ಸಮೀಪದ ಅರ್ಥವನ್ನು ಮಡಿಯಲ್ಲಿ ಹುಡುಕುವುದಕ್ಕಿಂತ ಮೀಸಲಿನಲ್ಲಿ ಹುಡುಕುವುದು ಹೆಚ್ಚು ಯುಕ್ತ. ಹಾಗೆ ನೋಡಿದಲ್ಲಿ ದೇವರ ಪರಿಶುದ್ಧತೆಗೆ ಸಲ್ಲುವ ಗೌರವವು ಬಾಗಿಲಲ್ಲಿ ಬಿಟ್ಟ ಕೆರದಿಂದ ಆರಂಭವಾಗಿ, ಸಂಜೆಯೊಳಗೆ ಕೈಸೇರಿದ ಕೂಲಿಯಲ್ಲಿಯೂ ಎಲ್ಲರಿಗೂ ಸಮನಾಗಿ ದೊರೆತ ಪ್ರಭುಭೋಜನದ ರೊಟ್ಟಿಯಲ್ಲಿಯೂ ಪೂರ್ಣಗೊಳ್ಳುತ್ತದೆ.